ಖಾಲಿ ಕೋಣೆ ಬೇಡ, ಮಲಗಿದವರನ್ನು ತೋರಿಸಿ

ನಾನು 29 ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಆಗಿದ್ದವಳು. ಆದರೂ ಅತ್ತೆಯವರಿಗೆ ಆರೈಕೆ ಕೇಂದ್ರ ಹುಡುಕಲು ಹೊರಟಾಗ ಮೊದಲ ಎರಡು ಕಡೆ ನೋಡಬೇಕಾದದ್ದನ್ನು ನೋಡದೆ ಬಂದೆ. ಅವರು ಖಾಲಿ ಕೋಣೆ ತೋರಿಸಿದರು, ನಾನು ಖಾಲಿ ಕೋಣೆ ನೋಡಿದೆ. ಹೊಸ ಬಣ್ಣ, ಕಿಟಕಿಗೆ ಪರದೆ, ಮಡಿಕೆ ಬೀಳದ ಹಾಸಿಗೆ. ಕಾಫಿ ಕೊಟ್ಟರು, ಕುಡಿದೆ. ಮನೆಗೆ ಬರುವ ಬಸ್ಸಿನಲ್ಲಿ ಕುಳಿತಾಗ ಹೊಳೆಯಿತು: ಅಲ್ಲಿ ಇರುವವರಲ್ಲಿ ಒಬ್ಬರನ್ನೂ ನಾನು ಹತ್ತಿರದಿಂದ ಮಾತನಾಡಿಸಿರಲಿಲ್ಲ.

ಅತ್ತೆಯವರಿಗೆ ಈಗ 84. ಎರಡು ವರ್ಷದ ಹಿಂದೆ ಹಿತ್ತಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು, ನಡಿಗೆ ಮಾತ್ರ ಮರಳಲಿಲ್ಲ. ಮೊದಲೇ ಇದ್ದ ಮರೆವು ಆ ಆಸ್ಪತ್ರೆ ವಾಸದ ನಂತರ ಗಟ್ಟಿಯಾಗಿ ಕೂತುಬಿಟ್ಟಿತು. ಇತ್ತ ನನ್ನ ಪತಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಒಂದು ಸಲಕ್ಕೆ ನಾಲ್ಕು ಗಂಟೆ, ಹೋಗಿ ಬರುವುದು ಸೇರಿದರೆ ಆರು. ಆ ಹೊತ್ತಿನಲ್ಲಿ ಅತ್ತೆಯ ಜೊತೆ ಕೂರುತ್ತಿದ್ದ ಪಕ್ಕದ ಮನೆಯ ಹುಡುಗಿ ಮದುವೆಯಾಗಿ ಹೋದಳು. ಬದಲಿಗೆ ಬಂದವರು ಯಾರೂ ಹದಿನೈದು ದಿನ ದಾಟಲಿಲ್ಲ. ಒಂದು ಗುರುವಾರ ನಾವು ಮನೆಗೆ ಬಂದಾಗ ಅತ್ತೆ ಮಂಚದ ಪಕ್ಕ ನೆಲದ ಮೇಲಿದ್ದರು, ಸೀರೆ ಒದ್ದೆಯಾಗಿ ತಣ್ಣಗಾಗಿತ್ತು. ಎಷ್ಟು ಹೊತ್ತಿನಿಂದ ಹಾಗೆ ಬಿದ್ದಿದ್ದರೆಂದು ಅವರಿಗೂ ಗೊತ್ತಿಲ್ಲ. ಅಂದು ರಾತ್ರಿ ನಾನೂ ಪತಿಯೂ ಮಾತಾಡಿ ನಿರ್ಧಾರಕ್ಕೆ ಬಂದೆವು.

ಮೈದುನ ಬೆಂಗಳೂರಿನಿಂದ ಫೋನ್ ಮಾಡಿ, ‘ಅತ್ತಿಗೆ, ಅಮ್ಮನನ್ನು ಎಲ್ಲೋ ಬಿಟ್ಟು ಬಂದರೆ ಕೇಸಾಗುತ್ತದೆ, ಗೊತ್ತೇ?’ ಎಂದ. ಕಾನೂನು ಇರುವುದು ನಿಜ. ಹಿರಿಯ ನಾಗರಿಕರ ಪೋಷಣೆಗೆಂದೇ ಬಂದ 2007ರ ಕಾಯ್ದೆಯಲ್ಲಿ, ಹಿರಿಯರನ್ನು ಪೂರ್ತಿ ಕೈಬಿಡುವ ಉದ್ದೇಶದಿಂದ ಎಲ್ಲಾದರೂ ಬಿಟ್ಟುಹೋದವರಿಗೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗ ಮಟ್ಟದ ನ್ಯಾಯಮಂಡಳಿಗೆ ಅರ್ಜಿ ಕೊಟ್ಟು ಜೀವನಾಂಶ ಕೇಳಬಹುದು. ಆದರೆ ಹಣ ಕಟ್ಟಿ, ವಾರವಾರ ಹೋಗಿ ನೋಡಿ, ಆರೈಕೆ ಮಾಡಿಸುವುದು ಕೈಬಿಡುವುದಲ್ಲ. ಇದನ್ನು ಅವನಿಗೆ ಬಿಡಿಸಿ ಹೇಳಿದೆ. ತಿಂಗಳ ಖರ್ಚಿನಲ್ಲಿ ಅರ್ಧ ಅವನದೇ ಎಂದೂ ಅದೇ ಫೋನಿನಲ್ಲಿ ಹೇಳಿದೆ. ಒಪ್ಪಿದ.

ಹುಡುಕಾಟದ ಮೊದಲ ವಾರ ಹೆಸರಿನ ಗೊಂದಲದಲ್ಲೇ ಕಳೆಯಿತು. ನೆಂಟರೆಲ್ಲ ‘ಯಾವುದಾದರೂ ನರ್ಸಿಂಗ್ ಹೋಮಿಗೆ ಸೇರಿಸು’ ಎನ್ನುತ್ತಿದ್ದರು. ಹೊರದೇಶದಲ್ಲಿ ಮಕ್ಕಳಿರುವವರಿಗೆ ಆ ಮಾತಿನ ಅರ್ಥ ವೃದ್ಧರ ಮನೆ. ನಮ್ಮ ಕೋಲಾರದಲ್ಲಿ ನರ್ಸಿಂಗ್ ಹೋಮ್ ಎಂದರೆ ಹೆರಿಗೆಯೋ ಅಪೆಂಡಿಕ್ಸ್ ಆಪರೇಷನ್ನೋ ಮಾಡುವ ಸಣ್ಣ ಖಾಸಗಿ ಆಸ್ಪತ್ರೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾಗಿರಬೇಕು, ಪ್ರಮಾಣಪತ್ರ ಎದುರಿಗೇ ತೂಗುಹಾಕಿರಬೇಕು. ವೃದ್ಧಾಶ್ರಮ ಬೇರೆ. ಅಲ್ಲಿ ಬಹುತೇಕ ಕಡೆ ತಮ್ಮ ಕೆಲಸ ತಾವು ಮಾಡಿಕೊಳ್ಳುವವರನ್ನೇ ತೆಗೆದುಕೊಳ್ಳುತ್ತಾರೆ. ಉಚಿತವಾಗಿ ನಡೆಯುವಲ್ಲಿ ದಿಕ್ಕಿಲ್ಲದವರಿಗೆ ಮೊದಲ ಜಾಗ, ಅದು ಸರಿಯೂ ಹೌದು. ಜಿಲ್ಲೆಗೆ ಕನಿಷ್ಠ ಒಂದರಂತೆ 150 ಬಡ ಹಿರಿಯರಿಗೆ ಸಾಲುವ ಮನೆಗಳು ಬೇಕೆಂದು ಅದೇ 2007ರ ಕಾಯ್ದೆ ಹೇಳುವುದು ಅಂಥವರಿಗಾಗಿ. ನಮಗೆ ಬೇಕಾದದ್ದು ಮೂರನೆಯ ಬಗೆ: ಮಲಗಿದವರನ್ನು, ಮರೆವಿನವರನ್ನು ಹಣ ಪಡೆದು ನೋಡಿಕೊಳ್ಳುವ ಆರೈಕೆ ಕೇಂದ್ರ. ಇದು ತಿಳಿದ ಮೇಲೆ ಫೋನಿನಲ್ಲೇ ಮೊದಲ ಪ್ರಶ್ನೆ ಕೇಳುತ್ತಿದ್ದೆ: ‘ನಡೆಯಲಾರದವರು, ರಾತ್ರಿ ಕೂಗುವವರು. ಸೇರಿಸಿಕೊಳ್ಳುತ್ತೀರಾ?’ ಅರ್ಧ ಹೆಸರುಗಳು ಅಲ್ಲೇ ಉದುರಿದವು. ಹೆಸರು ಸಿಕ್ಕಿದ್ದು 14567 ಹಿರಿಯರ ಸಹಾಯವಾಣಿಯಿಂದ, ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯಿಂದ ಮತ್ತು, ಎಲ್ಲಕ್ಕಿಂತ ಹೆಚ್ಚಾಗಿ, ನನ್ನ ಜೊತೆ ಕೆಲಸ ಮಾಡಿದ ನರ್ಸುಗಳಿಂದ.

ಕೊನೆಗೆ ಕೋಲಾರ, ಬಂಗಾರಪೇಟೆ, ಮಾಲೂರು, ಚಿಂತಾಮಣಿ ಸುತ್ತಿನಲ್ಲಿ ಏಳು ಮನೆಗಳನ್ನು ನೋಡಿದೆ. ಬಸ್ಸಿನಲ್ಲಿ ಸುಮಾರು ಒಂದೂವರೆ ಗಂಟೆಗಿಂತ ದೂರದ್ದನ್ನು ಎತ್ತಿಕೊಳ್ಳಲೇ ಇಲ್ಲ. ದೂರವಾದರೆ ನಾನು ಹೋಗುವುದು ಕಡಿಮೆಯಾಗುತ್ತದೆ, ಹೋಗುವುದು ಕಡಿಮೆಯಾದಷ್ಟೂ ಅತ್ತೆಯ ಬಗ್ಗೆ ಅಲ್ಲಿನವರ ಗಮನವೂ ಸಡಿಲವಾಗುತ್ತದೆ. ಆಸ್ಪತ್ರೆಯ ವಾರ್ಡಿನಲ್ಲಿ ಇದನ್ನು ನಾನೇ ಕಂಡಿದ್ದೇನೆ: ದಿನವೂ ಮನೆಯವರು ಬರುವ ರೋಗಿಯ ಹಾಸಿಗೆಯ ಹೊದಿಕೆ ಮೊದಲು ಬದಲಾಗುತ್ತದೆ. ಹಾಗಾಗಬಾರದು, ಆದರೆ ಆಗುತ್ತದೆ.

ಮೂರನೆಯ ಮನೆಯಿಂದ ನಾನು ಬೇರೆ ರೀತಿ ನೋಡತೊಡಗಿದೆ. ಮೊದಲ ಭೇಟಿ ಹೇಳಿ ಹೋಗುವುದು, ಎರಡನೆಯದು ಹೇಳದೆ. ಹೇಳದೆ ಹೋಗುವುದಾದರೆ ಬೆಳಗಿನ ಆರೂವರೆಗೆ, ಇಲ್ಲವೇ ರಾತ್ರಿ ಏಳೂವರೆಗೆ. ಬೆಳಿಗ್ಗೆ ಹೋದರೆ ಡೈಪರ್ ಬದಲಿಸುವ, ಮೈ ಒರೆಸುವ ಹೊತ್ತು. ರಾತ್ರಿ ಹೋದರೆ ಹಗಲಿನವರು ಹೊರಟು ರಾತ್ರಿಯವರು ಬರುವ ಹೊತ್ತು. ಎರಡೂ ಹೊತ್ತಿನಲ್ಲಿ ಯಾರೂ ಏನನ್ನೂ ಅಲಂಕರಿಸಿ ಇಡಲಾರರು. ಒಂದು ಕಡೆ ಗೇಟಿನಲ್ಲೇ ತಡೆದು, ‘ಭೇಟಿ ಭಾನುವಾರ ಹನ್ನೊಂದರಿಂದ ಒಂದು, ಮೇಡಂ’ ಎಂದರು. ಅಲ್ಲಿಂದಲೇ ವಾಪಸು ಬಂದೆ. ಇನ್ನೊಂದು ಕಡೆ ಬೆಳಗಿನ ಆರೂವರೆಗೆ ಬಾಗಿಲು ತೆರೆದ ಹೆಂಗಸು ಕೈಗವಸು ಕಳಚುತ್ತಾ, ‘ಐದು ನಿಮಿಷ ಕೂತಿರಿ ಅಕ್ಕಾ, ಒಬ್ಬ ತಾತನದು ಅರ್ಧಕ್ಕೆ ಬಿಟ್ಟು ಬಂದಿದ್ದೇನೆ’ ಎಂದು ಒಳಗೆ ಓಡಿದಳು. ಒಳಗೆ ಮೂತ್ರದ ವಾಸನೆ ಸ್ವಲ್ಪ ಇತ್ತು. ಆ ಹೊತ್ತಿಗೆ ಇರಬೇಕಾದದ್ದೇ. ನನಗೆ ಅನುಮಾನ ಬರುವುದು ಫಿನಾಯಿಲ್ ಮೇಲೆ ಊದುಬತ್ತಿ, ಊದುಬತ್ತಿಯ ಮೇಲೆ ರೂಮ್ ಸ್ಪ್ರೇ ಹೊಡೆದ ಕಡೆ.

‘ಖಾಲಿ ಕೋಣೆ ಬೇಡ, ನಿಮ್ಮಲ್ಲಿ ಬಹಳ ದಿನದಿಂದ ಮಲಗಿರುವವರನ್ನು ತೋರಿಸಿ’ ಎಂದು ಕೇಳಿದಾಗ ಮುಖಗಳು ಬೇರೆಬೇರೆ ರೀತಿ ಬದಲಾಗುತ್ತಿದ್ದವು. ಇಬ್ಬರು ಸಾಧ್ಯವಿಲ್ಲ ಎಂದರು. ಇತರರ ಖಾಸಗಿತನ ಎಂಬ ಕಾರಣ ನ್ಯಾಯವಾದದ್ದೇ, ಅದಕ್ಕೇ ನಾನು ಅವರ ಮನೆಯವರನ್ನು ಫೋನಿನಲ್ಲಿ ಕೇಳಿ ನೋಡಿ ಎಂದೆ. ಒಬ್ಬರು ಕೇಳಿದರು, ಇನ್ನೊಬ್ಬರು ಕೇಳಲಿಲ್ಲ.

ನೋಡಲು ಬಿಟ್ಟ ಕಡೆ ನಾನು ನೋಡಿದ್ದು ಹಿಮ್ಮಡಿ. ಮಲಗಿದ ವೃದ್ಧರ ಆರೈಕೆಯ ಸತ್ಯವೆಲ್ಲ ಹಿಮ್ಮಡಿಯಲ್ಲೂ ಸೊಂಟದ ಹಿಂದಿನ ಮೂಳೆಯ ಮೇಲೂ ಬರೆದಿರುತ್ತದೆ. ಒಂದೇ ಭಂಗಿಯಲ್ಲಿ ಮಲಗಿದಾಗ ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಹರಿಯುವುದಿಲ್ಲ. ಮೊದಲು ಕೆಂಪಾಗುತ್ತದೆ. ಆ ಕೆಂಪನ್ನು ಬೆರಳಿನಿಂದ ಒತ್ತಿದಾಗ ಬಿಳಿಯಾಗಿ ಮತ್ತೆ ಕೆಂಪಾದರೆ ಭಯವಿಲ್ಲ. ಒತ್ತಿದರೂ ಕೆಂಪಾಗಿಯೇ ಉಳಿದರೆ ಹಾಸಿಗೆ ಹುಣ್ಣು ಶುರುವಾಯಿತೆಂದೇ ಅರ್ಥ. ಮೈಬಣ್ಣ ಕಪ್ಪಿದ್ದವರಲ್ಲಿ ಕೆಂಪು ಕಾಣುವುದಿಲ್ಲ. ಸುತ್ತಲಿನ ಚರ್ಮಕ್ಕಿಂತ ಆ ಜಾಗ ಬಿಸಿಯಾಗಿ ಅಥವಾ ಗಡುಸಾಗಿ ಕೈಗೆ ಸಿಗುತ್ತದೆ. ನಾಲ್ಕನೆಯ ಮನೆಯಲ್ಲಿ ಒಬ್ಬ ಅಜ್ಜಿಯ ಹೊದಿಕೆಯನ್ನು, ಅವರನ್ನೇ ಕೇಳಿ, ಪಾದದ ಕಡೆಯಿಂದ ಸರಿಸಿದೆ. ಹಿಮ್ಮಡಿಯ ಮೇಲೆ ಕಾಸಗಲದ ಕಪ್ಪು ಹೊಪ್ಪಳಿಕೆ. ಸುತ್ತ ಪೌಡರ್ ಎರಚಿದ್ದರು. ಅಡಿಯಲ್ಲಿ ಗಾಳಿ ಹಾಸಿಗೆ ಇತ್ತು, ಒಳ್ಳೆಯ ಕಂಪನಿಯದು. ಮಂಚದ ಕೆಳಗೆ ಬಗ್ಗಿ ನೋಡಿದರೆ ಪಂಪಿನ ವೈರು ಪ್ಲಗ್ಗಿಗೆ ಹಾಕದೆ ಸುತ್ತಿಟ್ಟಿತ್ತು. ‘ಅದು ಗುಂಯ್ ಎಂದು ಸದ್ದು ಮಾಡುತ್ತದೆ, ಪಕ್ಕದವರಿಗೆ ನಿದ್ದೆ ಬರುವುದಿಲ್ಲ’ ಎಂದರು. ಪಂಪು ಓಡದ ಗಾಳಿ ಹಾಸಿಗೆ ಬರೀ ರಬ್ಬರ್ ಹಾಳೆ. ಆ ಅಜ್ಜಿ ನನ್ನ ಕೈ ಹಿಡಿದುಕೊಂಡು ಬಿಡಲಿಲ್ಲ. ಆ ಮನೆಯಿಂದ ಹೊರಬಂದು ರಸ್ತೆಯ ಬದಿಯ ಹುಣಸೆ ಮರದ ಕೆಳಗೆ ಬಹಳ ಹೊತ್ತು ನಿಂತಿದ್ದೆ. ಅವರ ಮಗಳ ನಂಬರು ಬೇಡಿ ಪಡೆದು, ವಿಷಯ ತಿಳಿಸಿದ ಮೇಲೆಯೇ ಮನೆಗೆ ಹೋದದ್ದು.

ರಾತ್ರಿಯ ಲೆಕ್ಕ ಇನ್ನೊಂದು. ‘ನಿಮ್ಮಲ್ಲಿ ಸಿಬ್ಬಂದಿ ಎಷ್ಟು?’ ಎಂದು ಕೇಳಿದರೆ ಅಡುಗೆಯವರು, ತೋಟದವರು, ಮಾಲೀಕರ ತಂಗಿ ಎಲ್ಲರನ್ನೂ ಸೇರಿಸಿ ಹನ್ನೆರಡು ಎನ್ನುತ್ತಾರೆ. ನಾನು ಕೇಳುತ್ತಿದ್ದದ್ದು, ‘ರಾತ್ರಿ ಎರಡು ಗಂಟೆಗೆ ಎಷ್ಟು ಜನ ಎಚ್ಚರವಾಗಿರುತ್ತಾರೆ?’ ಎಂದು. ಒಂದು ಕಡೆ 22 ಹಿರಿಯರಿಗೆ ಒಬ್ಬಳೇ ಹುಡುಗಿ. ಅವರಲ್ಲಿ ಆರು ಜನ ಪೂರ್ತಿ ಮಲಗಿದವರು. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಒಬ್ಬರಿಗೆ ಹತ್ತು ನಿಮಿಷವೆಂದರೂ ಆರು ಜನಕ್ಕೆ ಒಂದು ಗಂಟೆ. ಅಂದರೆ ಇಡೀ ರಾತ್ರಿಯ ಅರ್ಧ ಭಾಗ ಅದೇ ಕೆಲಸ. ಅದೂ ಒಬ್ಬಳೇ, 70 ಕೆಜಿಯ ಮೈಯನ್ನು ಚರ್ಮ ಉಜ್ಜದಂತೆ ಹೊರಳಿಸಲು ಇಬ್ಬರು ಬೇಕಾದ ಕಡೆ. ಆ ಹುಡುಗಿಯ ಮೇಲೆ ನನಗೆ ಕೋಪವಿಲ್ಲ. ಆ ಕೆಲಸ ಅವಳೊಬ್ಬಳಿಂದ ಆಗುವುದೇ ಇಲ್ಲ. ಆಗದಿದ್ದಾಗ ಉಳಿಯುವ ದಾರಿ ನಿದ್ದೆ ಮಾತ್ರೆ. ಇನ್ನೊಂದು ಮನೆಯ ವ್ಯವಸ್ಥಾಪಕರು ಅದನ್ನು ಮುಚ್ಚಿಡಲೂ ಇಲ್ಲ: ‘ಕೂಗಾಡುವವರಿಗೆ ಒಂದು ಮಾತ್ರೆ ಹಾಕುತ್ತೇವೆ ಮೇಡಂ, ಬೆಳಗಿನವರೆಗೆ ತೊಂದರೆಯಿಲ್ಲ.’ ಯಾವ ವೈದ್ಯರು ಬರೆದದ್ದು ಎಂದು ಕೇಳಿದೆ. ಉತ್ತರ ಬರಲಿಲ್ಲ. ಮಾತ್ರೆಯ ಮಂಪರಿನಲ್ಲಿ ಎದ್ದು ಬಿದ್ದು ಮೂಳೆ ಮುರಿದುಕೊಂಡ ಎಷ್ಟೋ ಜನರನ್ನು ನಾನು ವಾರ್ಡಿಗೆ ಸೇರಿಸಿಕೊಂಡಿದ್ದೇನೆ.

ನೀರಿನ ವಿಷಯ ಯಾರೂ ಕೇಳುವುದಿಲ್ಲ, ಆದ್ದರಿಂದ ಬರೆಯುತ್ತೇನೆ. ನಮ್ಮ ಜಿಲ್ಲೆಯ ಆಳದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇರುವುದು ಎಲ್ಲರಿಗೂ ಗೊತ್ತು. ಕುಡಿಯುವ ನೀರು ಎಲ್ಲಿಯದು ಎಂದು ಕೇಳಿ, ಶುದ್ಧೀಕರಣ ಯಂತ್ರವನ್ನು ಕಣ್ಣಾರೆ ನೋಡಿ. ಆದರೆ ಅದಕ್ಕಿಂತ ದೊಡ್ಡದು, ಆ ನೀರು ಬಾಯಿಗೆ ಹೋಗುತ್ತದೆಯೇ ಎಂಬುದು. ವಯಸ್ಸಾದವರಿಗೆ ಬಾಯಾರಿಕೆ ತಿಳಿಯುವುದು ಕಡಿಮೆ. ನೀರು ಹೆಚ್ಚು ಕೊಟ್ಟರೆ ಡೈಪರ್ ಹೆಚ್ಚು ಬದಲಿಸಬೇಕು. ಕೈ ಸಾಲದ ಮನೆಗಳಲ್ಲಿ ಯಾರೂ ಹೇಳದೆಯೇ ಲೋಟ ದೂರ ಸರಿಯುತ್ತದೆ. ಹೀಗೆ ಒಣಗಿದ ಮೈಗೆ ಮೂತ್ರದ ಸೋಂಕು ಬಂದರೆ ನಿನ್ನೆಯವರೆಗೆ ಮಗನ ಹೆಸರು ಹೇಳುತ್ತಿದ್ದವರು ಇಂದು ಯಾರನ್ನೂ ಗುರುತಿಸುವುದಿಲ್ಲ. ಮನೆಯವರು ಮರೆವು ಹೆಚ್ಚಿತು ಎಂದುಕೊಳ್ಳುತ್ತಾರೆ. ನಾನು ಪ್ರತಿ ಮನೆಯಲ್ಲೂ ಹಾಸಿಗೆಯ ಪಕ್ಕ ಕೈಗೆಟಕುವಷ್ಟು ಹತ್ತಿರ ಲೋಟವಿದೆಯೇ, ಅದರಲ್ಲಿ ನೀರಿದೆಯೇ ಎಂದು ಎಣಿಸಿದೆ. ಒಂದು ಕಡೆ ಹನ್ನೊಂದು ಹಾಸಿಗೆಗೆ ಎರಡು ಲೋಟ.

ಊಟದ ಹೊತ್ತಿಗೆ ಹೋದರೆ ಏನು ಬಡಿಸುತ್ತಾರೆ ಎಂಬುದಕ್ಕಿಂತ ಹೇಗೆ ತಿನ್ನಿಸುತ್ತಾರೆ ಎಂದು ನೋಡಿದೆ. ಮಲಗಿದಲ್ಲೇ ಬಾಯಿಗೆ ಅನ್ನ ಸಾರು ಹಾಕುವುದನ್ನು ಕಂಡ ಮನೆಯನ್ನು ಅಲ್ಲಿಗೇ ಬಿಟ್ಟೆ. ತುತ್ತು ಶ್ವಾಸಕೋಶದ ಕಡೆ ಜಾರಿದರೆ ನ್ಯುಮೋನಿಯಾ. ಎಬ್ಬಿಸಿ ಕೂರಿಸಿ, ಒಂದು ತುತ್ತು ಇಳಿದ ಮೇಲೆ ಇನ್ನೊಂದು, ಊಟವಾದ ಅರ್ಧ ಗಂಟೆ ಮಲಗಿಸಬಾರದು. ಸ್ನಾನದ ಮನೆಯಲ್ಲಿ ಗೋಡೆಯ ಹಿಡಿಕೆಯನ್ನು ನನ್ನ ಪೂರ್ತಿ ಭಾರ ಹಾಕಿ ಎಳೆದು ನೋಡುತ್ತಿದ್ದೆ; ಒಂದು ಕಡೆ ಸ್ಕ್ರೂ ಸಮೇತ ಕೈಗೆ ಬಂತು. ಮೇಲಿನ ಮಹಡಿಯ ಕೋಣೆಗಳನ್ನು ಲಿಫ್ಟ್ ಇಲ್ಲದಿದ್ದರೆ ನೋಡಲೇ ಇಲ್ಲ. ಸ್ಟ್ರೆಚರ್ ತಿರುಗದ ಮೆಟ್ಟಿಲಿನಲ್ಲಿ ನಡುರಾತ್ರಿ 108ರವರು ಏನು ಮಾಡಲಾದೀತು? ಗೇಟಿನ ಬೀಗದ ಕೈ ರಾತ್ರಿ ಯಾರ ಬಳಿ ಇರುತ್ತದೆ, ಟಮಕದ ಜಾಲಪ್ಪ ಆಸ್ಪತ್ರೆಗೋ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೋ ಕರೆದೊಯ್ಯುವಾಗ ಜೊತೆಗೆ ಯಾರು ಹೋಗುತ್ತಾರೆ ಎಂಬುದನ್ನೂ ಕೇಳಿಟ್ಟುಕೊಂಡೆ.

ಕೊನೆಗೆ ಎರಡು ಮನೆ ಉಳಿದವು. ಎರಡೂ ಒಳ್ಳೆಯವೇ. ಒಂದರ ತಿಂಗಳ ಶುಲ್ಕ 19,000, ಇನ್ನೊಂದರದು 27,000. ಮೈದುನ ಸಹಜವಾಗಿಯೇ ಮೊದಲನೆಯದರ ಕಡೆ ವಾಲಿದ. ನಾನು ಕಾಗದ ತೆಗೆದುಕೊಂಡು ಕೂತೆ. ಮೊದಲನೆಯದರಲ್ಲಿ ಡೈಪರ್ ನಮ್ಮದು: ದಿನಕ್ಕೆ ನಾಲ್ಕು, ಒಂದಕ್ಕೆ 40 ರೂಪಾಯಿ, ತಿಂಗಳಿಗೆ 4,800. ಫಿಸಿಯೋಥೆರಪಿ ಒಂದು ಸಲಕ್ಕೆ 300ರಂತೆ ಹನ್ನೆರಡು ಸಲ, 3,600. ಬಟ್ಟೆ ಒಗೆಯಲು 1,000. ಒಟ್ಟು 28,400. ಎರಡನೆಯದರಲ್ಲಿ ಔಷಧಿ ಬಿಟ್ಟು ಎಲ್ಲವೂ ಆ 27,000ದಲ್ಲೇ ಸೇರಿತ್ತು. ಮುಂಗಡದ ಹಣ ಯಾವಾಗ ವಾಪಸು, ಹತ್ತು ದಿನ ಆಸ್ಪತ್ರೆಯಲ್ಲಿದ್ದರೆ ಶುಲ್ಕ ಕಡಿತವಾಗುತ್ತದೆಯೇ, ತಿಂಗಳ ನಡುವೆ ತೀರಿಕೊಂಡರೆ ಉಳಿದ ದಿನಗಳದ್ದೇನು ಎಂಬ ಪ್ರಶ್ನೆಗಳನ್ನೂ ಕೇಳಿ ಉತ್ತರ ಬರೆಸಿಕೊಂಡೆ. ಕೊನೆಯ ಪ್ರಶ್ನೆ ಕೇಳುವಾಗ ನಾಲಿಗೆ ಏಳುವುದಿಲ್ಲ. ಕೇಳಲೇಬೇಕು.

ಆದರೆ ನಾನು ತೀರ್ಮಾನಿಸಿದ್ದು ಹಣದ ಲೆಕ್ಕದಿಂದಲ್ಲ. ನಮ್ಮದು ಶ್ರೀನಿವಾಸಪುರದ ಕಡೆಯ ಹಳ್ಳಿ. ಅತ್ತೆಯ ಮನೆಮಾತು ತೆಲುಗು. ಹೊರಗೆ ಐವತ್ತು ವರ್ಷ ಚೊಕ್ಕ ಕನ್ನಡ ಆಡಿದವರು ಮರೆವು ಹೆಚ್ಚಿದ ಮೇಲೆ ಕನ್ನಡವನ್ನು ಒಂದೊಂದಾಗಿ ಬಿಟ್ಟು ಹುಟ್ಟಿದ ಮನೆಯ ತೆಲುಗಿಗೆ ಮರಳಿದರು. ಸಂಜೆ ಕತ್ತಲಾಗುತ್ತಿದ್ದಂತೆ ಚಡಪಡಿಕೆ ಶುರು, ‘ಆವುಲು ಕಟ್ಟೇಶಾವಾ?’ ಎಂದು ಹತ್ತು ಸಲ, ಇಪ್ಪತ್ತು ಸಲ ಕೇಳುತ್ತಾರೆ. ಹಸು ಕಟ್ಟಿದೆಯಾ ಎಂದು. ಮನೆಯಲ್ಲಿ ಹಸು ಇಲ್ಲದೆ ಹದಿನೆಂಟು ವರ್ಷವಾಯಿತು. ಮೊದಲನೆಯ ಮನೆಯ ಸಹಾಯಕರು ಜಾರ್ಖಂಡಿನಿಂದ ಬಂದ ಮಕ್ಕಳು. ಶುಚಿ, ಶ್ರದ್ಧೆ ಯಾವುದರಲ್ಲೂ ಕೊರತೆಯಿಲ್ಲ, ಆದರೆ ಅತ್ತೆ ಏನು ಕೇಳುತ್ತಿದ್ದಾರೆಂದು ಅವರಿಗೆ ತಿಳಿಯುವ ದಾರಿಯಿಲ್ಲ. ಎರಡನೆಯ ಮನೆಗೆ ಅತ್ತೆಯನ್ನು ಒಂದು ಸಂಜೆ ಕರೆದುಕೊಂಡೇ ಹೋದೆ. ಅಲ್ಲಿ ಮುಳಬಾಗಿಲು ಕಡೆಯ ಒಬ್ಬ ಹೆಂಗಸು, ನಲವತ್ತೈದರ ಆಸುಪಾಸು. ಅತ್ತೆ ಹಸುವಿನ ಮಾತು ತೆಗೆದ ಕೂಡಲೇ ಅವಳು ಗಾಲಿ ಕುರ್ಚಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಕಟ್ಟಿ ಹಾಕಿ ಹುಲ್ಲೂ ಹಾಕಿದ್ದೇನೆ ಎಂದು ತೆಲುಗಿನಲ್ಲೇ ಹೇಳಿದಳು. ‘ಎಷ್ಟು ಹಸು ಅವ್ವಾ ನಿಮ್ಮದು?’ ಎಂದು ಕೇಳಿದಳು. ಅತ್ತೆ ಬೆರಳು ಮಡಿಸಿ ಎಣಿಸತೊಡಗಿದರು. ಒಂದೊಂದಕ್ಕೂ ಹೆಸರು ಹೇಳಿದರು. ಆ ಹೆಸರುಗಳನ್ನು ನಾನು, ಮನೆಗೆ ಸೊಸೆಯಾಗಿ ಬಂದವಳು, ಅದುವರೆಗೆ ಕೇಳಿರಲೇ ಇಲ್ಲ.

ಸೇರಿಸುವ ಮೊದಲು ಎಸ್‌ಎನ್‌ಆರ್ ಆಸ್ಪತ್ರೆಗೆ ಹೋಗಿ ಮರೆವಿನ ತಪಾಸಣೆಯನ್ನೂ ಮಾಡಿಸಿದೆವು. ನಿಮ್ಹಾನ್ಸ್ ಜೊತೆಗೂಡಿ ಸರ್ಕಾರ 2022ರಲ್ಲಿ ಆರಂಭಿಸಿದ ಮೆದುಳು ಆರೋಗ್ಯ ಕಾರ್ಯಕ್ರಮದ ಮೊದಲ ಹಂತದ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಇದು ನಮ್ಮವರಲ್ಲಿ ಅನೇಕರಿಗೆ ಗೊತ್ತಿಲ್ಲ. ಯಾವ ಮಾತ್ರೆ ಎಷ್ಟು ಹೊತ್ತಿಗೆ ಎಂದು ಅಲ್ಲಿ ಬರೆದುಕೊಟ್ಟದ್ದರ ಪ್ರತಿಯನ್ನು ಕೇಂದ್ರಕ್ಕೆ ಕೊಟ್ಟು, ಇದರಲ್ಲಿಲ್ಲದ ಒಂದು ಮಾತ್ರೆಯನ್ನೂ ನನ್ನನ್ನು ಕೇಳದೆ ಕೊಡಬಾರದು ಎಂದು ಕರಾರಿನಲ್ಲೇ ಸೇರಿಸಿದೆ. ಸೀರೆ, ರವಿಕೆ, ಟವೆಲ್, ಕನ್ನಡಕದ ಡಬ್ಬಿ ಎಲ್ಲಕ್ಕೂ ಕೆಂಪು ದಾರದಲ್ಲಿ ಹೆಸರಿನ ಮೊದಲ ಅಕ್ಷರ ಹೊಲಿದೆ. ದಂತಪಂಕ್ತಿಯ ಡಬ್ಬಿಗೂ ಹೆಸರು ಅಂಟಿಸಿದೆ. ಇಂಥ ಮನೆಗಳಲ್ಲಿ ಹೆಚ್ಚು ಕಳೆದುಹೋಗುವುದು ಹಲ್ಲಿನ ಸೆಟ್ಟೇ.

ಈಗ ಐದು ತಿಂಗಳಾಯಿತು. ಡಯಾಲಿಸಿಸ್ ಇಲ್ಲದ ದಿನಗಳಲ್ಲಿ ಹೋಗುತ್ತೇನೆ, ಒಂದೇ ಹೊತ್ತಿಗೆ ಹೋಗುವುದಿಲ್ಲ. ಹೋದ ಕೂಡಲೇ ಮಾತಿಗೆ ಮೊದಲು ಹೊದಿಕೆ ಸರಿಸಿ ಹಿಮ್ಮಡಿ ನೋಡುತ್ತೇನೆ. ಎರಡನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಎಡ ಹಿಮ್ಮಡಿಯಲ್ಲಿ ಕೆಂಪು ಕಂಡಿತು. ಒತ್ತಿದೆ, ಬಿಳಿಯಾಗಲಿಲ್ಲ. ಎದೆ ಧಸಕ್ಕೆಂದಿತು. ಕೋಪದಲ್ಲೇ ಹೊರಗೆ ಬಂದು ರಾತ್ರಿಯ ಪುಸ್ತಕ ಕೇಳಿದೆ. 2.10ರ ಸಾಲಿನಲ್ಲಿ ಆ ಮುಳಬಾಗಿಲಿನ ಹೆಂಗಸಿನ ದುಂಡನೆಯ ಅಕ್ಷರದಲ್ಲಿ ಬರೆದಿತ್ತು: ‘ಅವ್ವನ ಎಡ ಹಿಮ್ಮಡಿ ಕೆಂಪು. ಮೀನಖಂಡದ ಕೆಳಗೆ ದಿಂಬು ಇಟ್ಟು ಹಿಮ್ಮಡಿ ತೇಲಿಸಿದೆ. ಬೆಳಿಗ್ಗೆ ಅವರ ಸೊಸೆಗೆ ಫೋನ್ ಮಾಡಬೇಕು.’ ಪುಸ್ತಕ ಓದುತ್ತಿರುವಾಗಲೇ ನನ್ನ ಮೊಬೈಲ್ ಹೊಡೆದುಕೊಂಡಿತು. ಒಳಗಿನ ಕೋಣೆಯಿಂದ ಅವಳೇ ಮಾಡುತ್ತಿದ್ದಳು, ನಾನು ಬಂದದ್ದು ಅವಳಿಗೆ ಗೊತ್ತಿರಲಿಲ್ಲ. ಐದನೆಯ ದಿನಕ್ಕೆ ಕೆಂಪು ಇಳಿಯಿತು. ದಿಂಬು ಈಗಲೂ ಅಲ್ಲೇ ಇದೆ.